ನೆಲದ ಕೆಳಗಿನ ಚುಕ್ಕೆಗಳು

ಈ ಕಂತಿಗೆ ಕೈ ಹಾಕುವ ಮುನ್ನ ಓದುಗರ ಕ್ಷಮೆ ಕೇಳಬೇಕು. ಕಾಡನ್ನು ಆಕಾಶದಿಂದ ಅಳೆಯುವ ವಿದ್ಯೆ ನನ್ನದಲ್ಲ. ಅದನ್ನು ಬಲ್ಲವರ ಮೇಜಿನ ಪಕ್ಕ ಕುಳಿತು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ, ಅವರಿಗೆ ಬೇಸರ ಬರಿಸಿ ತಿಳಿದುಕೊಂಡದ್ದಷ್ಟೇ ಇಲ್ಲಿದೆ. ಎಲ್ಲಾದರೂ ತಪ್ಪು ಕಂಡರೆ ಅದು ನನ್ನದು, ಅವರದಲ್ಲ. ಕಾಣೆಯಾದ ಒಬ್ಬ ಮನುಷ್ಯನ ಮಾನದ ಮಾತಾದ್ದರಿಂದ ಹೇಳದೆ ಬಿಡಲು ಮನಸ್ಸು ಒಪ್ಪಲಿಲ್ಲ.

"ಮರ ತೆಗೆದುಬಿಡ್ಲಾ ಮೇಡಂ?" ನಕ್ಷೆ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತಿದ್ದ ಚುಕ್ಕಿ ಕೇಳಿದ.

ಇನ್ಸ್‌ಪೆಕ್ಟರಮ್ಮ ಹೂಂ ಎಂದರು. ಅವನ ಬೆರಳು ಒಂದು ಗುಂಡಿಯನ್ನು ಮುಟ್ಟಿತು. ಪರದೆಯ ಮೇಲೆ ಒತ್ತೊತ್ತಾಗಿ ನಿಂತಿದ್ದ ಕಾಡು, ಅದರ ಮರ, ಪೊದೆ, ಬಳ್ಳಿ, ಎಲ್ಲವೂ ಸದ್ದಿಲ್ಲದೆ ಹೋಯಿತು. ಉಳಿದದ್ದು ಬರೀ ನೆಲ. ತಲೆ ಬೋಳಿಸಿದಾಗ ಹಳೆಯ ಗಾಯದ ಗುರುತುಗಳು ಎದ್ದು ಕಾಣುವ ಹಾಗೆ, ಬೂದುಬಣ್ಣದ ಆ ನೆಲದಲ್ಲಿ ಏನೇನೋ ಎದ್ದು ಕಂಡವು: ಬತ್ತಿದ ತೊರೆಯ ಅಂಕುಡೊಂಕು, ಯಾವ ಕಾಲದ್ದೋ ಗಾಡಿಯ ಜಾಡು, ಕುಸಿದ ಕಲ್ಲುಗೋಡೆಯ ಬೆನ್ನು.

ಮನುಷ್ಯ ಕಾಣಲಿಲ್ಲ. ಮನುಷ್ಯ ಬಿದ್ದಿರಬಹುದಾದ ಜಾಗವೂ ಕಾಣಲಿಲ್ಲ.

ಸರಪಳಿ ಮೇಷ್ಟ್ರು ಈ ಕಾಡಿನ ಗಡಿಕಲ್ಲು ನೋಡಿಬರುತ್ತೇನೆಂದು ಹೋಗಿ ಅಂದಿಗೆ ನಲವತ್ತಮೂರು ದಿನವಾಗಿತ್ತು. ಯಂತ್ರಗಳು ಬರುವ ಮೊದಲು ಕಬ್ಬಿಣದ ಸರಪಳಿ ಎಳೆದು ನೆಲ ಅಳೆದವರು. ಈ ನಕ್ಷೆ ಕಚೇರಿಯಲ್ಲಿ ಪೆನ್ಸಿಲು ಹಿಡಿದ ಎಲ್ಲರಿಗೂ ಪಾಠ ಹೇಳಿದವರು. ಹೆಸರು ಹಿಡಿದು ಕರೆಯುವುದನ್ನು ಜನ ಎಂದೋ ಮರೆತಿದ್ದರು. ಅವರು ಹೋದ ಮಾರನೆಯ ವಾರವೇ ಅವರ ಸಹಿ ಇದ್ದ ಗಡಿನಕ್ಷೆ ಸುಳ್ಳೆಂದು ಗೊತ್ತಾಯಿತು. ಅರವತ್ತು ಎಕರೆ ಕಾಡು ಕಾಗದದ ಮೇಲೆ ಗೆರೆ ದಾಟಿ ಆಚೆಯವರ ಪಾಲಾಗಿತ್ತು. ಊರೆಲ್ಲ ಒಂದೇ ಮಾತು: ಮುದುಕ ಕೈಚಳಕ ತೋರಿಸಿ ಕಾಲಿಗೆ ಬುದ್ಧಿ ಹೇಳಿದ.

ಸೋಮವಾರ ನ್ಯಾಯಾಲಯದಲ್ಲಿ ವಿಚಾರಣೆ. ಅಷ್ಟರೊಳಗೆ ಮೇಷ್ಟ್ರು ಕಾಡಿನಲ್ಲೇ ಉಳಿದರು ಎನ್ನಲು ಏನಾದರೂ ಸಿಗದಿದ್ದರೆ ತಲೆಮರೆಸಿಕೊಂಡ ಅಪರಾಧಿ ಎಂದು ದಾಖಲಾಗುತ್ತಾರೆ. ಹುಡುಕಾಟ ಅಲ್ಲಿಗೆ ಮುಗಿಯುತ್ತದೆ.

ಅಂದು ಶುಕ್ರವಾರ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಬಾಕಿ ಇತ್ತು.

"ನೋಡಿದ್ರಲ್ಲ," ಎಂದರು ಹಿಂದೆ ನಿಂತಿದ್ದ ಕಚೇರಿಯ ಮ್ಯಾನೇಜರ್. ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ ಇತ್ತು. "ನಾನು ಆವತ್ತೇ ಹೇಳಿದ್ದೆ. ಫೋಟೋ ತೆಗೆಸಿದ್ರೆ ಗೋಡೆಗಾದ್ರೂ ಹಾಕ್ಕೋಬಹುದಿತ್ತು."

ಹಾಳೆಯನ್ನು ಮೇಜಿನ ಮೇಲಿಟ್ಟರು. ವಾಯುಮಾರ್ಗದ ಲೇಸರ್ ಅಳತೆಯಲ್ಲಿ ಪ್ರಕರಣಕ್ಕೆ ಸಂಬಂಧಿಸಿದ ಯಾವುದೂ ಕಂಡುಬಂದಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಇನ್ಸ್‌ಪೆಕ್ಟರಮ್ಮನ ಸಹಿಗೆ ಜಾಗ. ಐದು ಗಂಟೆಗೆ ಟಪಾಲು ಹೋಗುತ್ತದೆ, ಅಷ್ಟರಲ್ಲಿ ಆಗಲಿ ಎಂದು ಹೇಳಿ, ಯಾವುದೋ ಫೋನು ಬಂದಿತೆಂದು ಅವರು ತಮ್ಮ ಕೋಣೆಗೆ ಹೋದರು.

ಸಹಿಯ ಜಾಗದ ಚುಕ್ಕೆಗೆರೆಯನ್ನು ಇನ್ಸ್‌ಪೆಕ್ಟರಮ್ಮ ಸುಮ್ಮನೆ ನೋಡುತ್ತ ಕುಳಿತರು. ತಪ್ಪು ಮಾಡಿದೆನೇ ಎಂಬ ಪ್ರಶ್ನೆ ಅವರಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಪ್ರತಿ ಸಹಿಯ ಮುಂಚೆ ಒಮ್ಮೆ, ಸಹಿಯ ನಂತರ ಎರಡು ಸಲ ಅದು ಬಂದು ಪಕ್ಕದಲ್ಲಿ ಕೂರುತ್ತಿತ್ತು. ಈ ಸಲವಂತೂ ಜಗ್ಗದೆ ಕುಳಿತಿತ್ತು.

ಇಲಾಖೆ ಕೊಟ್ಟದ್ದು ಒಂದೇ ಹಾರಾಟಕ್ಕೆ ಅನುಮತಿ. ಫೋಟೋ ಆಗಲಿ, ಲೇಸರ್ ಆಗಲಿ, ಎರಡರಲ್ಲಿ ಒಂದು. ಮ್ಯಾನೇಜರ್ ಫೋಟೋದ ಕಡೆ. ಮೇಲಿನಿಂದ ನೂರಾರು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿದರೆ ಎರಡೇ ದಿನದಲ್ಲಿ ಬಣ್ಣಬಣ್ಣದ ನಕ್ಷೆ ತಯಾರು, ನ್ಯಾಯಾಧೀಶರಿಗೂ ಅರ್ಥವಾಗುತ್ತದೆ ಎಂದು ಅವರ ವಾದ.

ಅದಕ್ಕಿಂತ ಹೆಚ್ಚಾಗಿ ಫೋಟೋನೇ ಬೇಕೆಂದು ಅಂಗಲಾಚಿದವಳು ಮೇಷ್ಟ್ರ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಮಾತು ಕಡಿಮೆಯ ಹೆಂಗಸು, ಮದುವೆ ಆಗಿರಲಿಲ್ಲ, ಮನೆಯಲ್ಲಿ ಅಪ್ಪ, ಅವಳು, ಇಬ್ಬರೇ. ಅಪ್ಪ ಹೋಗುವಾಗ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟಿದ್ದರು, ಫೋಟೋದಲ್ಲಾದರೆ ಅದರ ಒಂದು ತುಂಡಾದರೂ ಕಾಣುತ್ತದೆ, ಲೇಸರ್‌ಗೆ ಬಣ್ಣ ಗೊತ್ತಾಗುವುದಿಲ್ಲವಂತೆ ಎಂದು ಠಾಣೆಯ ಬೆಂಚಿನ ಮೇಲೆ ಕುಳಿತು ಹೇಳಿದ್ದಳು. ಮೂಳೆ ಸಿಕ್ಕರೂ ಸಾಕು, ಅಪ್ಪ ಕಳ್ಳ ಅಲ್ಲ ಅಂತ ಆಗಲಿ ಎಂದೂ ಹೇಳಿದ್ದಳು. ಇನ್ಸ್‌ಪೆಕ್ಟರಮ್ಮನ ಕೈಗೆ, ಫೋಟೋಗೇ ಸಹಿ ಹಾಕಲು, ಆಗಲೇ ಪೆನ್ನು ಬಂದಿತ್ತು.

ಆದರೆ ಮಾರನೆಯ ದಿನ ಮಟಮಟ ಮಧ್ಯಾಹ್ನ ಕಾಡಿನ ಅಂಚಿಗೆ ಹೋದಾಗ, ಹಾರಾಟದ ಇಂಜಿನಿಯರ್ ಅವರನ್ನು ಮರಗಳ ಕೆಳಗೆ ನಿಲ್ಲಿಸಿ, ನಿಮ್ಮ ತೋಳು ನೋಡಿಕೊಳ್ಳಿ ಎಂದಿದ್ದರು. ಖಾಕಿ ತೋಳಿನ ಮೇಲೆ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಬಿಲ್ಲೆಗಳು. ಭುಜದಿಂದ ಮಣಿಕಟ್ಟಿನವರೆಗೆ ಹನ್ನೊಂದು. ಬಿಸಿಲು ಇಳಿಯುವ ಕಡೆ ಲೇಸರ್ ಕೂಡ ಇಳಿಯುತ್ತದೆ, ಒಂದು ಕಿರಣ ನೆಲ ಮುಟ್ಟಿ ವಾಪಸ್ಸು ಬಂದರೆ ಸಾಕು. ಫೋಟೋಗೆ ಅದು ಸಾಲದು. ಅದೇ ಜಾಗವನ್ನು ಎರಡು ಕಡೆಯಿಂದ ನೋಡಿದರೆ ಮಾತ್ರ ಅದಕ್ಕೆ ಎತ್ತರ ತಿಳಿಯುತ್ತದೆ. ಇಷ್ಟು ಸಣ್ಣ ಕಿಂಡಿಯಲ್ಲಿ ಎರಡು ಕಡೆಯಿಂದ ಇಣುಕುವುದು ಹೇಗೆ? ಅದು ಮರದ ತಲೆಗಳನ್ನು ಅಳೆಯುತ್ತದೆ, ನೆಲವನ್ನು ಊಹಿಸುತ್ತದೆ.

ಹೀಗೆ ಲೇಸರ್‌ಗೆ ಸಹಿ ಬಿದ್ದಿತ್ತು. ಮಗಳಿಗೆ ಹೇಳಿದಾಗ ಅವಳು, ನಿಮಗೆ ಸರಿ ಅನ್ನಿಸಿದ್ದು ಮಾಡಿ ಎಂದಿದ್ದಳು.

ಈಗ ಬೋಳು ನೆಲದ ಮುಂದೆ ಕುಳಿತಾಗ ಇನ್ಸ್‌ಪೆಕ್ಟರಮ್ಮನಿಗೆ ಅನ್ನಿಸಿತು: ಎಲ್ಲೋ ಒಂದು ಕೊಂಬೆಗೆ ಆ ಕಿತ್ತಳೆ ಜಾಕೆಟ್ ಸಿಕ್ಕಿಹಾಕಿಕೊಂಡು ನೇತಾಡುತ್ತಿದ್ದರೆ? ನಾನೇ ನನ್ನ ಕೈಯಾರೆ ಬಣ್ಣ ಬೇಡ ಎಂದುಬಿಟ್ಟೆನಲ್ಲ?

ಅವರು ತಿರುಗಿ ನೋಡಿದರು. ಗಾಜಿನ ಗೋಡೆಯ ಆಚೆ, ಹೊರಗಿನ ಕೋಣೆಯ ಬೆಂಚಿನ ಮೇಲೆ ಮೇಷ್ಟ್ರ ಮಗಳು ಕುಳಿತಿದ್ದಳು. ತೊಡೆಯ ಮೇಲೆ ಕೈಚೀಲ. ಅಂಗಡಿಗೆ ಅರ್ಧ ದಿನ ರಜಾ ಹಾಕಿ ಬಂದವಳು. ಕಣ್ಣು ಪರದೆಯ ಮೇಲೇ ಇತ್ತು.

"ಇನ್ನೊಂದು ಸಲ ತೋರಿಸಪ್ಪ," ಎಂದರು ಇನ್ಸ್‌ಪೆಕ್ಟರಮ್ಮ. "ನಿಧಾನವಾಗಿ. ಗಡಿಕಲ್ಲುಗಳ ಪಕ್ಕ ಪಕ್ಕದಲ್ಲೇ ಹೋಗು."

ಚುಕ್ಕಿ ಬೇಸರಿಸಲಿಲ್ಲ. ಹನ್ನೊಂದು ವರ್ಷದಿಂದ ದಿನವಿಡೀ ಲಕ್ಷಗಟ್ಟಲೆ ಚುಕ್ಕೆಗಳ ನಡುವೆ ಕೂತು ಆ ಹೆಸರು ಸಂಪಾದಿಸಿದವನು. ದಪ್ಪ ಕನ್ನಡಕ, ಸವೆದ ಮೊಣಕೈ, ಇಲಿಯಷ್ಟು ಮೆಲ್ಲಗೆ ಮಾತು. ಲೇಸರ್ ನೆಲಕ್ಕೆ ಬಡಿದು ವಾಪಸ್ಸು ಬಂದ ಒಂದೊಂದು ಬಡಿತವೂ ಅವನಿಗೆ ಒಂದು ಚುಕ್ಕೆ. ಯಾವುದು ಎಲೆ, ಯಾವುದು ಕೊಂಬೆ, ಯಾವುದು ನೆಲ ಎಂದು ಬೇರೆ ಬೇರೆ ಮಾಡುವುದು ಅವನ ಕೆಲಸ. ಅಕ್ಕಿ ಆರಿಸೋದು ಅಂತ ಅವನ ತಾಯಿ ಹೇಳುತ್ತಿದ್ದಳಂತೆ.

ಮೊದಲ ಕಲ್ಲು, ಎರಡನೆಯದು, ಮೂರನೆಯದು. ನೆಲ ನಿಧಾನವಾಗಿ ಸರಿಯಿತು. ಎಲ್ಲಿ ನೋಡಿದರೂ ಬೇರಿನ ಗಂಟು, ಬಂಡೆಯ ಉಬ್ಬು, ಇರುವೆಗೂಡಿನ ಗುಪ್ಪೆ. ಒಂದಂಗುಲ ಸಮ ಇಲ್ಲ.

ನಾಲ್ಕನೆಯ ಕಲ್ಲಿನ ಹತ್ತಿರ ಇನ್ಸ್‌ಪೆಕ್ಟರಮ್ಮ ಮುಂದಕ್ಕೆ ಬಾಗಿದರು.

"ನಿಲ್ಲು. ಇದೇನು?"

"ನೆಲ ಮೇಡಂ."

"ಇಷ್ಟು ನುಣ್ಣಗೆ?"

ಮಂಚದಷ್ಟು ಅಗಲದ ಜಾಗ. ಸುತ್ತ ಎಲ್ಲ ತರಚಿದ ಹಾಗೆ ಒರಟಾಗಿತ್ತು. ಅದೊಂದು ಮಾತ್ರ ಇಸ್ತ್ರಿ ಹಾಕಿದಂತೆ ಚಪ್ಪಟೆ. ಚುಕ್ಕಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಅವನು ಪ್ರತಿದಿನ ಇಂಥದ್ದನ್ನು ನೋಡುವವನು. ಇನ್ಸ್‌ಪೆಕ್ಟರಮ್ಮ ಬೆಳೆದದ್ದು ಬೇರೆ ಕಡೆ. ಅವರ ತಾಯಿ ಮೂವತ್ತು ವರ್ಷ ಕಿಟಕಿಯ ಪಕ್ಕ ಕುಳಿತು ಬೇರೆಯವರ ಹರಿದ ಬಟ್ಟೆಗೆ ನೂಲು ಹೆಣೆದು ರಫ್ಫು ಹಾಕಿದವರು. ಮೇಲಧಿಕಾರಿಗಳ ಕೋಟಿನಲ್ಲಿ ರಫ್ಫು ಎಲ್ಲಿದೆ ಎಂದು ಇನ್ಸ್‌ಪೆಕ್ಟರಮ್ಮ ಇವತ್ತಿಗೂ ಬಾಗಿಲಲ್ಲೇ ಗುರುತಿಸುತ್ತಿದ್ದರು. ಸುತ್ತಲಿನ ಬಟ್ಟೆಗಿಂತ ಅದು ಯಾವಾಗಲೂ ಸ್ವಲ್ಪ ಹೆಚ್ಚೇ ಚೆನ್ನಾಗಿರುತ್ತಿತ್ತು.

"ಇಲ್ಲಿ ರಫ್ಫು ಹಾಕಿದ್ದಾರೆ," ಎಂದರು ಅವರು.

ಚುಕ್ಕಿ ನಕ್ಕ. ಆಮೇಲೆ ಅವರು ನಗುತ್ತಿಲ್ಲವೆಂದು ನೋಡಿ ಸುಮ್ಮನಾದ. ಚುಕ್ಕೆ ಇಲ್ಲದ ಕಡೆ ಕಂಪ್ಯೂಟರು ಅಂಚಿನಿಂದ ಅಂಚಿಗೆ ಚರ್ಮ ಎಳೆದ ಹಾಗೆ ಎಳೆದುಬಿಡುತ್ತದೆ, ಎಲೆ ದಟ್ಟವಾಗಿದ್ದರೆ ನೆಲದ ಚುಕ್ಕೆ ಸಿಗುವುದಿಲ್ಲ, ಸಾಮಾನ್ಯ ಎಂದು ವಿವರಿಸಿದ.

"ಇಲ್ಲಿ ಎಲೆ ದಟ್ಟವಾಗಿದೆಯಾ? ಮರ ವಾಪಸ್ ಹಾಕು."

ಮರಗಳು ಮರಳಿ ಬಂದವು. ಆ ಜಾಗದ ಮೇಲೆ ಮಾತ್ರ ಮರ ಇರಲಿಲ್ಲ. ಆಕಾಶಕ್ಕೆ ತೆರೆದ ಒಂದು ಕಿಂಡಿ. ಇಡೀ ಕಾಡಿನಲ್ಲಿ ಅತಿ ಹೆಚ್ಚು ಚುಕ್ಕೆ ಬೀಳಬೇಕಾದ ಕಡೆ ಒಂದೂ ಚುಕ್ಕೆ ಬಿದ್ದಿರಲಿಲ್ಲ.

ಚುಕ್ಕಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ.

"ಕಸದಲ್ಲಿ ನೋಡಬೇಕು," ಎಂದ.

"ಯಾವ ಕಸ?"

ಅವನು ಹೇಳಿದ್ದು ಇಷ್ಟು. ಲೇಸರ್ ಕೆಲವೊಮ್ಮೆ ದಾರಿ ತಪ್ಪುತ್ತದೆ. ಎಲ್ಲೋ ಬಡಿದು, ಇನ್ನೆಲ್ಲೋ ಬಡಿದು ತಡವಾಗಿ ವಾಪಸ್ಸು ಬರುತ್ತದೆ. ಯಂತ್ರ ಅದನ್ನು ನೆಲಕ್ಕಿಂತ ಕೆಳಗೆ ಬಿದ್ದ ಚುಕ್ಕೆ ಎಂದು ಬರೆದುಕೊಳ್ಳುತ್ತದೆ. ಅಂಥವನ್ನೆಲ್ಲ ಕಸ ಎಂದು ಒಂದು ಕಡೆ ತಳ್ಳಿ, ಆ ಪದರವನ್ನು ಮುಚ್ಚಿ, ನಕ್ಷೆ ಮಾಡುವುದು ಪದ್ಧತಿ. ಹನ್ನೊಂದು ವರ್ಷದಲ್ಲಿ ಅವನು ಒಮ್ಮೆಯೂ ಕಸದ ಪದರ ತೆರೆದು ನೋಡಿರಲಿಲ್ಲ. ಅವನಷ್ಟೇ ಏಕೆ, ಈ ಕೆಲಸದಲ್ಲಿರುವ ಯಾರೂ ನೋಡುವುದಿಲ್ಲ.

"ನೆಲದ ಕೆಳಗೆ ಏನಿರುತ್ತೆ ಮೇಡಂ, ನೋಡೋಕೆ?" ಎಂದ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತೇನೋ, ಕೈ ಗುಂಡಿಯ ಮೇಲೆಯೇ ನಿಂತಿತು.

"ತೆರಿ," ಎಂದರು ಇನ್ಸ್‌ಪೆಕ್ಟರಮ್ಮ.

ಕಾಡಿನುದ್ದಕ್ಕೂ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ ಚೆಲ್ಲಿಕೊಂಡವು. ಅವು ನಿಜವಾದ ಕಸ. ನಾಲ್ಕನೆಯ ಕಲ್ಲಿನ ಪಕ್ಕದಲ್ಲಿ ಮಾತ್ರ ಅವು ಚೆಲ್ಲಿರಲಿಲ್ಲ. ಚುಕ್ಕಿ ನೆಲವನ್ನು ಮಗ್ಗುಲಿಗೆ ತಿರುಗಿಸಿದ. ಚಪ್ಪಟೆ ಜಾಗದ ಕೆಳಗೆ, ಕಂಬದ ಹಾಗೆ ನೆಟ್ಟಗೆ, ಇನ್ನೂರಕ್ಕೂ ಹೆಚ್ಚು ಕೆಂಪು ಚುಕ್ಕೆಗಳು ಕೆಳಗಿಳಿದು ಹೋಗಿದ್ದವು. ತಳದಲ್ಲಿ ಒಂದಷ್ಟು ಗುಂಪಾಗಿ ನಿಂತಿದ್ದವು.

ಅವನು ಮೇಲಿನ ಚುಕ್ಕೆಯನ್ನೂ ಕೆಳಗಿನ ಚುಕ್ಕೆಯನ್ನೂ ಮುಟ್ಟಿ ಅಳೆದ.

"ಹದಿನಾಲ್ಕು ಮೀಟರ್."

ಹಳೆಯ ಬಾವಿಯೋ, ಕಲ್ಲು ತೆಗೆಯಲು ಯಾರೋ ತೋಡಿ ಬಿಟ್ಟ ಗುಂಡಿಯೋ. ಕಾಡು ಅದರ ಬಾಯಿಯನ್ನು ಮುಚ್ಚಿರಲಿಲ್ಲ. ನಡೆದು ಹುಡುಕಿದ ಇಪ್ಪತ್ತು ಮಂದಿ ಪೊದೆಯ ಈಚೆಯಿಂದಲೇ ತಿರುಗಿದ್ದರು.

"ತಳದಲ್ಲಿರೋದು ಏನು?"

"ಏನೋ ಉಬ್ಬಿದೆ. ಕಲ್ಲಿರಬಹುದು, ಮಣ್ಣು ಕುಸಿದಿರಬಹುದು." ಅವನು ಆ ಗುಂಪನ್ನು ಇನ್ನಷ್ಟು ದೊಡ್ಡದು ಮಾಡಿದ. "ಚುಕ್ಕೆ ಅಷ್ಟು ಹೇಳಲ್ಲ ಮೇಡಂ."

ಇನ್ಸ್‌ಪೆಕ್ಟರಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದರು. ಮನಸ್ಸಿನಲ್ಲಿ ಎರಡು ಒಟ್ಟಿಗೆ ನಡೆದವು: ಲೇಸರ್ ಆರಿಸಿದ್ದು ಸರಿಯಾಯಿತಲ್ಲ ಎಂಬ ಸಣ್ಣ ಸಮಾಧಾನ, ಆ ಸಮಾಧಾನಕ್ಕೆ ನಾಚಿಕೆ. ಆಮೇಲೆ ಕಣ್ಣು ತೆರೆದು, ತಮ್ಮ ಕೆಲಸಕ್ಕೆ ಬಂದರು.

"ಯಂತ್ರ ಇದನ್ನ ಕಸ ಅಂತ ತಳ್ಳಿತಾ?"

"ಇಲ್ಲ." ಚುಕ್ಕಿ ಮೆಲ್ಲಗೆ ತಲೆಯಾಡಿಸಿದ. "ಯಂತ್ರ ತಳ್ಳೋದು ಒಂಟಿ ಚುಕ್ಕೇನ. ಇಷ್ಟು ಚುಕ್ಕೆ ಒಟ್ಟಿಗಿದ್ರೆ ಅದು ಮುಟ್ಟಲ್ಲ, ಗುಂಡಿ ಅಂತಲೇ ತೋರಿಸುತ್ತೆ. ಇದನ್ನ ಯಾರೋ ಕೈಯಾರೆ ಸುತ್ತುಹಾಕಿ ಕಸಕ್ಕೆ ಹಾಕಿದ್ದಾರೆ."

"ಈ ಕುರ್ಚಿ ಯಾರದ್ದು?"

"ನಂದು."

"ಹಾಗಿದ್ರೆ?"

ಅವನು ಕುರ್ಚಿಯಿಂದ ಅರ್ಧ ಎದ್ದ. ಇನ್ಸ್‌ಪೆಕ್ಟರಮ್ಮ ತಮ್ಮ ಕುರ್ಚಿಯನ್ನು ಅವನಿಗೂ ಬಾಗಿಲಿಗೂ ನಡುವೆ ಎಳೆದುಕೊಂಡು ಕುಳಿತರು. ದನಿ ಏರಿಸಲಿಲ್ಲ. ಏರಿಸುವ ಅಭ್ಯಾಸವೇ ಅವರಿಗೆ ಇರಲಿಲ್ಲ. ಅದಕ್ಕೇ ಎದುರಿಗಿದ್ದವರಿಗೆ ಹೆಚ್ಚು ಹೆದರಿಕೆ.

"ನಾನಲ್ಲ ಮೇಡಂ. ನಾನು ಆ ಮೂಲೆಗೆ ಇನ್ನೂ ಹೋಗೇ ಇರಲಿಲ್ಲ."

"ಬಾಯಿಮಾತು ಸಾಲದು."

"ಬೇಲಿ ಇದೆ. ಬೇಲಿ ನೋಡಿ." ಮುಳುಗುವವನು ಹಗ್ಗ ಹಿಡಿದ ಹಾಗೆ ಅವನು ಆ ಮಾತನ್ನು ಹಿಡಿದುಕೊಂಡ. "ಮೇಷ್ಟ್ರು ಮಾಡಿದ ನಿಯಮ. ಯಾರು ಏನು ಅಳಿಸಿದ್ರೂ, ಅಳಿಸೋಕೆ ಸುತ್ತ ಹಾಕಿದ ಗೆರೆ ಉಳೀಬೇಕು. ಅದಕ್ಕೆ ಬೇಲಿ ಅಂತೀವಿ. ಗೆರೆ, ದಿನ, ಗಂಟೆ, ಎಲ್ಲ ಬೇರೆ ಕಡೆ ಬರೆದುಕೊಳ್ಳುತ್ತೆ. ಅಳಿಸಿದವನಿಗೂ ಅದನ್ನ ಅಳಿಸೋಕೆ ಬರಲ್ಲ."

ಅವನು ತೆರೆದ. ಹಳದಿ ಗೆರೆಯೊಂದು ಗುಂಡಿಯ ಬಾಯಿಯ ಸುತ್ತ ಮೂಡಿತು. ಐದು ಮೂಲೆ. ಬುಧವಾರ, ಹನ್ನೆರಡು ಐವತ್ತು.

ಬುಧವಾರ ಹನ್ನೆರಡೂವರೆಗೆ ಚುಕ್ಕಿ ತನ್ನ ತಾಯಿಯ ಕಣ್ಣಿನ ಪಟ್ಟಿ ಬಿಚ್ಚಿಸಲು ಆಸ್ಪತ್ರೆಗೆ ಹೋಗಿದ್ದ. ಚೀಟಿ ಇನ್ನೂ ಜೇಬಿನಲ್ಲಿತ್ತು, ಗಂಟೆ ಸಮೇತ. ಹೊರಡುವ ಗಡಿಬಿಡಿಯಲ್ಲಿ ಪರದೆಗೆ ಬೀಗ ಹಾಕಿರಲಿಲ್ಲ ಎಂದು ಒಪ್ಪಿಕೊಂಡ. ಮ್ಯಾನೇಜರ್ ಆ ಹೊತ್ತಿಗೆ ಇನ್ಸ್‌ಪೆಕ್ಟರಮ್ಮನ ಜೊತೆಯಲ್ಲೇ ನ್ಯಾಯಾಲಯದ ಮೆಟ್ಟಿಲ ಮೇಲೆ ಕಾಯುತ್ತಿದ್ದರು, ಹಾರಾಟದ ಅನುಮತಿಯ ಬಗ್ಗೆ ಹೇಳಿಕೆ ಕೊಡಲು.

"ಚೀಟಿ ಯಾರು ಬೇಕಾದ್ರೂ ತರಬಹುದು," ಎಂದರು ಇನ್ಸ್‌ಪೆಕ್ಟರಮ್ಮ. ಕಠಿಣವಾಗಿ ಹೇಳಿದರೂ ಒಳಗೆ ನಂಬಿಕೆ ಬಂದಿತ್ತು.

ಚುಕ್ಕಿ ಹಳದಿ ಗೆರೆಯನ್ನೇ ನೋಡುತ್ತಿದ್ದ. ಅದನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಮೇಲಿನ ಎಡಮೂಲೆಯಿಂದ ಹೊರಡುವ ಮೊದಲ ಗೆರೆ ಉಳಿದವಕ್ಕಿಂತ ದಪ್ಪಗಿತ್ತು.

"ಎರಡು ಸಲ ಎಳೆದಿದ್ದಾರೆ," ಎಂದ.

"ಅಂದ್ರೆ?"

ಅವನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. ಒಂದು, ಎರಡು, ಮೂರು, ನಾಲ್ಕು, ಐದು. ಮತ್ತೆ ಒಂದು. ಅಲ್ಲಿಗೆ ಬೇಲಿ ಮುಗಿಯಬೇಕು. ಮುಗಿದಿರಲಿಲ್ಲ. ಗೆರೆ ಮತ್ತೆ ಎರಡನೆಯ ಮೂಲೆಯವರೆಗೆ ಹೋಗಿ ನಿಂತಿತ್ತು.

ಸರಪಳಿ ಹಿಡಿದು ನೆಲ ಸುತ್ತುವವರು ಹೊರಟ ಕಲ್ಲಿಗೇ ಬಂದು ಸೇರಿದರೆ ಕೆಲಸ ಮುಗಿಯಿತು. ಮೇಷ್ಟ್ರು ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಮೊದಲ ಬದಿಯನ್ನು ಇನ್ನೊಮ್ಮೆ ಅಳೆಯುತ್ತಿದ್ದರು. ಬಿಸಿಲಿರಲಿ, ಕಾಲು ಸೋತಿರಲಿ, ಸುತ್ತಲಿದ್ದವರು ಗೊಣಗಲಿ. ಕಾಗದದಲ್ಲೂ ಹಾಗೆಯೇ, ಆಮೇಲೆ ಕಂಪ್ಯೂಟರಿನಲ್ಲೂ ಹಾಗೆಯೇ.

"ಮೊದಲ ಗೆರೆ ಎರಡನೇ ಸಲವೂ ಅಷ್ಟೇ ಬಂದ್ರೆ, ನಡುವೆ ನಾನು ಸುಳ್ಳು ಹೇಳಿಲ್ಲ ಅಂತ ಅರ್ಥ ಕಣೋ. ಹಾಗಂತಿದ್ರು," ಎಂದ ಚುಕ್ಕಿ. "ನನಗೆ ಅದು ಕೊನೆಗೂ ಕೈಗೆ ಹತ್ತಲಿಲ್ಲ. ಅದಕ್ಕೇ ಎಷ್ಟು ಬೈಸಿಕೊಂಡಿದ್ದೀನಿ."

ಇನ್ಸ್‌ಪೆಕ್ಟರಮ್ಮ ಅವನ ಬೇಲಿಗಳನ್ನು ತೋರಿಸಲು ಹೇಳಿದರು. ಈ ಕಾಡಿನಲ್ಲೇ ಅವನು ಹಾಕಿದವು ಹತ್ತೊಂಬತ್ತು ಇದ್ದವು. ಒಂದೊಂದನ್ನೂ ನೋಡಿದರು. ಹತ್ತೊಂಬತ್ತೂ ಮೊದಲ ಮೂಲೆಯಲ್ಲೇ ಮುಗಿದಿದ್ದವು. ಅವಸರದವನ ಗೆರೆ.

"ಹಿಂದಿನ ಬಾಗಿಲಿನ ಒಂದು ಕೀಲಿ ಇನ್ನೂ ಮೇಷ್ಟ್ರ ಹತ್ತಿರಾನೇ ಇದೆ," ಎಂದ ಚುಕ್ಕಿ. ಅವನ ಮುಖದಲ್ಲಿ ಹೆದರಿಕೆ ಹೋಗಿ ಬೇರೇನೋ ಬಂದಿತ್ತು. ತೀರಿಕೊಂಡರೆಂದುಕೊಂಡ ಗುರು ಬದುಕಿರಬಹುದೆಂಬ ಸಂತೋಷ ಅರ್ಧ. ಬದುಕಿದ್ದರೆ ಕಳ್ಳರೇ ಎಂಬ ಸಂಕಟ ಅರ್ಧ. "ಮೇಡಂ, ಬುಧವಾರ ಮೇಷ್ಟ್ರು ಇಲ್ಲಿಗೆ ಬಂದಿದ್ರಾ?"

ಇನ್ಸ್‌ಪೆಕ್ಟರಮ್ಮ ಆ ಪ್ರಶ್ನೆ ಕೇಳಿಸಿಕೊಂಡರೋ ಇಲ್ಲವೋ. ಅವರಿಗೆ ಬುಧವಾರ ನೆನಪಾಗಿತ್ತು.

ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಅವರೇ ಜೀಪಿನಲ್ಲಿ ಒಬ್ಬರನ್ನು ಕರೆತಂದು ಈ ಕಚೇರಿಯಲ್ಲಿ ಬಿಟ್ಟಿದ್ದರು. ಹಿಂದಿನ ಕೋಣೆಯಲ್ಲಿರುವ ಮೇಷ್ಟ್ರ ಹಳೆಯ ಸಾಮಾನುಗಳಲ್ಲಿ ಗುರುತು ಸಿಗುವಂಥದ್ದೇನಾದರೂ ಇದೆಯೇ ನೋಡಿ, ನಾನು ಎರಡು ಗಂಟೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ, ಮ್ಯಾನೇಜರನ್ನು ಹತ್ತಿಸಿಕೊಂಡು ನ್ಯಾಯಾಲಯಕ್ಕೆ ಹೋಗಿದ್ದರು. ಪಾಪ ಎಂದು ಕನಿಕರಪಟ್ಟು ಮಾಡಿದ ಕೆಲಸ. ವರದಿಯಲ್ಲಿ ಅದನ್ನು ಬರೆದೂ ಇರಲಿಲ್ಲ.

ಅವರು ಗಾಜಿನ ಆಚೆ ನೋಡಿದರು. ಬೆಂಚಿನ ಮೇಲೆ ಕುಳಿತವಳು ಅಲುಗಾಡಿರಲಿಲ್ಲ. ಕೆಂಪು ಚುಕ್ಕೆಗಳ ಕಂಬ ಗಾಜಿನಲ್ಲಿ ಅವಳ ಮುಖದ ಪಕ್ಕಕ್ಕೇ ಮೂಡಿತ್ತು.

ಸಹಿಯಾಗದ ಹಾಳೆಯನ್ನು ಎತ್ತಿಕೊಂಡು ಇನ್ಸ್‌ಪೆಕ್ಟರಮ್ಮ ಹೊರಗಿನ ಕೋಣೆಗೆ ಬಂದು, ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತರು. ನೀರು ಕುಡಿದಿರಾ ಎಂದು ಕೇಳಿದರು. ಕುಡಿದೆ ಎಂದಳು. ಅಂಗಡಿಯವರು ಏನಾದರೂ ಅಂದರೇ ಎಂದು ಕೇಳಿದರು. ಇಲ್ಲ, ಅವರು ಒಳ್ಳೆಯವರು ಎಂದಳು.

"ಒಂದು ಸಹಾಯ ಬೇಕಿತ್ತಮ್ಮ. ಆ ಕಾಡಿನ ಗಡಿ ನಿಮಗೆ ಗೊತ್ತಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗ್ತಿದ್ದೆ ಅಂದಿದ್ರಿ. ಅಂದಾಜಿಗೆ ಒಂದು ಚಿತ್ರ ಬರೆದುಕೊಡಿ. ಕಲ್ಲು ಎಲ್ಲೆಲ್ಲಿದೆ ಅಂತ."

ಹಾಳೆಯನ್ನು ಮಗುಚಿ, ಖಾಲಿ ಬದಿಯನ್ನು ಮೇಲೆ ಮಾಡಿ, ತಮ್ಮ ಜೇಬಿನ ಪೆನ್ಸಿಲು ಕೊಟ್ಟರು.

ಮೇಷ್ಟ್ರ ಮಗಳು ಹಾಳೆಯನ್ನು ಕೈಚೀಲದ ಮೇಲಿಟ್ಟುಕೊಂಡಳು. ಮೇಲಿನ ಎಡಮೂಲೆಯಿಂದ ಶುರುಮಾಡಿದಳು. ಒಂದು ಬದಿ, ಮೂಲೆಯಲ್ಲಿ ಸಣ್ಣ ಚೌಕ. ಇನ್ನೊಂದು ಬದಿ, ಇನ್ನೊಂದು ಚೌಕ. ಅಭ್ಯಾಸದ ಕೈ, ಗೆರೆ ಎಲ್ಲೂ ಅಳುಕಲಿಲ್ಲ. ಐದನೆಯ ಬದಿ ಮೊದಲ ಕಲ್ಲಿಗೆ ಬಂದು ಸೇರಿತು.

ಪೆನ್ಸಿಲು ಮೇಲೇಳಲಿಲ್ಲ. ಮೊದಲ ಬದಿಯ ಮೇಲೆ ಮತ್ತೆ ನಡೆಯಿತು. ಅರ್ಧ ದಾರಿ ಹೋಗಿ ನಿಂತಿತು.

ಅವಳು ತನ್ನ ಕೈಯನ್ನು ತಾನೇ ನೋಡಿದಳು, ಬೇರೆಯವರದೋ ಎಂಬ ಹಾಗೆ. ಆಮೇಲೆ ಪೆನ್ಸಿಲನ್ನು ಹಾಳೆಯ ಮೇಲೆ ಅಡ್ಡ ಇಟ್ಟಳು.

"ಅಪ್ಪ ಹೇಳಿಕೊಟ್ಟಿದ್ದು," ಎಂದಳು.

"ಗೊತ್ತು."

ಇನ್ಸ್‌ಪೆಕ್ಟರಮ್ಮನಿಗೆ ಠಾಣೆಯ ಬೆಂಚು, ಕಿತ್ತಳೆ ಜಾಕೆಟ್ಟಿನ ಮಾತು ನೆನಪಾದವು. ಮಗಳು ಅಪ್ಪನನ್ನು ಹುಡುಕಲು ಬಣ್ಣ ಬೇಡುತ್ತಿದ್ದಾಳೆ, ಪಾಪ, ಇವಳಿಗೇನು ಗೊತ್ತು ಎಂದುಕೊಂಡಿದ್ದರು ಅಂದು. ನೆಲ ಅಳೆಯುವವನ ಮನೆಯಲ್ಲಿ ಹುಟ್ಟಿ, ಗಡಿಕಲ್ಲು ಎಣಿಸುತ್ತ ನಡೆಯಲು ಕಲಿತವಳು, ಅಪ್ಪನ ಪಕ್ಕ ಕೂತು ಕಂಪ್ಯೂಟರಿನಲ್ಲಿ ಬೇಲಿ ಹಾಕುವುದನ್ನೂ ನೋಡಿದವಳು. ಎಲೆಯ ಕೆಳಗಿನದು ಫೋಟೋಗೆ ಕಾಣುವುದಿಲ್ಲ ಎಂಬುದು ಅವಳಿಗೆ ತಿಳಿದಿರಲಿಲ್ಲವೇ? ತಿಳಿದೇ ಕೇಳಿದ್ದಳು. ಕಾಣದಿರಲಿ ಎಂದೇ ಕೇಳಿದ್ದಳು.

"ಫೋಟೋನೇ ಬೇಕು ಅಂದ್ರಲ್ಲಮ್ಮ, ಆವತ್ತು," ಎಂದರು ಇನ್ಸ್‌ಪೆಕ್ಟರಮ್ಮ. ಅದರಲ್ಲಿ ಬೆದರಿಕೆ ಇರಲಿಲ್ಲ. ಆಯಾಸವಿತ್ತು. "ನಾನು ನಂಬಿಬಿಟ್ಟಿದ್ದೆ."

ಅವಳ ಕಣ್ಣಿಗೆ ನೀರು ಬರಲಿಲ್ಲ. ಬಹಳ ದಿನದಿಂದ ಹೊತ್ತ ಗಂಟನ್ನು ಎಲ್ಲಿಡಲಿ ಎಂದು ಜಾಗ ಹುಡುಕುವವಳ ಹಾಗೆ ಒಮ್ಮೆ ಸುತ್ತ ನೋಡಿದಳು.

"ನಾಳೆ ಅಲ್ಲಿಗೆ ಜನ ಇಳೀತಾರೆ," ಎಂದರು ಇನ್ಸ್‌ಪೆಕ್ಟರಮ್ಮ. "ಹಗ್ಗ, ದೀಪ ಎಲ್ಲ ತರಿಸ್ತೀನಿ. ನಿಮ್ಮಪ್ಪನ್ನ ಮೇಲಕ್ಕೆ ತರ್ತೀವಿ. ಅವರು ಓಡಿಹೋಗಲಿಲ್ಲ ಅಂತ ನಾನೇ ನಿಂತು ಸಾಕ್ಷಿ ಹೇಳ್ತೀನಿ. ನಿಮಗೆ ಬೇಕಾಗಿದ್ದಿದ್ದು ಅದೇ ತಾನೆ?"

ಮೇಷ್ಟ್ರ ಮಗಳು ಗಾಜಿನ ಆಚೆ ಹೊಳೆಯುತ್ತಿದ್ದ ಕೆಂಪು ಚುಕ್ಕೆಗಳನ್ನು ನೋಡಿದಳು. ಆಮೇಲೆ ಪೆನ್ಸಿಲನ್ನು ಎತ್ತಿಕೊಂಡು, ಅರ್ಧಕ್ಕೆ ನಿಂತಿದ್ದ ಗೆರೆಯನ್ನು ಎರಡನೆಯ ಕಲ್ಲಿನವರೆಗೆ ನಿಧಾನವಾಗಿ ಎಳೆದು ಮುಗಿಸಿದಳು.

"ಇಳೀಲಿ ಮೇಡಂ," ಎಂದಳು. "ಆದ್ರೆ ಅಲ್ಲಿರೋದು ನಮ್ಮಪ್ಪ ಅಲ್ಲ."

ಗಡಿಯಾರದಲ್ಲಿ ಐದಾಯಿತು. ಟಪಾಲಿನವನು ಬಂದು ಬಾಗಿಲಲ್ಲಿ ನಿಂತ. ಇನ್ಸ್‌ಪೆಕ್ಟರಮ್ಮ ಹಾಳೆಯನ್ನು ನಾಲ್ಕಾಗಿ ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು. ಕೊಡಲು ಏನೂ ಇಲ್ಲವೆಂದು ಕೈಯಲ್ಲೇ ಸನ್ನೆ ಮಾಡಿದರು.

ಅವಳು ಅಲ್ಲಿಂದ ಮುಂದೆ ಒಂದು ಮಾತೂ ಆಡಲಿಲ್ಲ. ಹದಿನಾಲ್ಕು ಮೀಟರ್ ಕೆಳಗೆ ಇರುವುದು ಯಾರು, ಮೇಷ್ಟ್ರು ಎಲ್ಲಿದ್ದಾರೆ, ಎರಡು ಸಲ ಎಳೆದ ಆ ಮೊದಲ ಗೆರೆ ಈ ಸಲ ಸತ್ಯ ಹೇಳುತ್ತಿತ್ತೋ ಸುಳ್ಳೋ, ಆ ಶುಕ್ರವಾರ ಸಂಜೆ ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಿರಲಿಲ್ಲ. ಇದನ್ನು ಬರೆಯುತ್ತಿರುವ ಹೊತ್ತಿಗೆ ನನಗೂ ಗೊತ್ತಿಲ್ಲ.